ಅಟ್ಲಾಂಟಿಕ್‌ನಿಂದ ಟೈಪ್-ಸಿ ತನಕ: ಕೇಬಲ್ ಬೆಳೆದ ದಾರಿ

1858ರ ಆಗಸ್ಟ್‌ನಲ್ಲಿ ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷ ಬುಕಾನನ್‌ಗೆ 98 ಪದಗಳ ಸಂದೇಶವೊಂದನ್ನು ಕಳಿಸಿದಳು. ಅಟ್ಲಾಂಟಿಕ್ ಸಾಗರದ ತಳದಲ್ಲಿ ಆಗಷ್ಟೇ ಹಾಸಿದ್ದ ತಂತಿಯ ಮೂಲಕ ಅದು ಆಚೆ ದಡ ಮುಟ್ಟಲು ಸುಮಾರು 16 ತಾಸು ಹಿಡಿಯಿತು. ಮೂರು ವಾರ ಕಳೆಯುವುದರೊಳಗೆ ಆ ತಂತಿ ಸತ್ತೇಹೋಯಿತು.

ಸತ್ತದ್ದೇಕೆ ಎಂಬುದರ ಹಿಂದೆ ಒಂದು ಜಗಳವಿದೆ. ತಂತಿ ಹಾಸಿದ ಕಂಪನಿಯ ವಿದ್ಯುತ್ ತಜ್ಞ ವೈಲ್ಡ್‌ಮನ್ ವೈಟ್‌ಹೌಸ್ ಮೂಲತಃ ಶಸ್ತ್ರವೈದ್ಯ. ಸಂದೇಶ ನಿಧಾನವಾದರೆ ಇನ್ನಷ್ಟು ವೋಲ್ಟೇಜ್ ಕೊಟ್ಟು ನೂಕಬೇಕು ಎಂಬುದು ಅವನ ನಂಬಿಕೆ. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ ಅದಕ್ಕೂ ಮೊದಲೇ ಲೆಕ್ಕ ಹಾಕಿ ಹೇಳಿದ್ದ: ಉದ್ದ ಎರಡರಷ್ಟಾದರೆ ಸಂಕೇತ ನಾಲ್ಕರಷ್ಟು ನಿಧಾನವಾಗುತ್ತದೆ, ತಾಮ್ರ ದಪ್ಪವಿರಲಿ, ಮೇಲಿನ ಹೊದಿಕೆ ಒಳ್ಳೆಯದಿರಲಿ, ಆಚೆ ತುದಿಯಲ್ಲಿ ಸೂಕ್ಷ್ಮವಾದ ಮಾಪಕವಿರಲಿ. ವೈಟ್‌ಹೌಸ್ ಕೇಳಲಿಲ್ಲ. 2000 ವೋಲ್ಟ್‌ವರೆಗೂ ಏರಿಸಿದ. ಮೊದಲೇ ದುರ್ಬಲವಾಗಿದ್ದ ಹೊದಿಕೆ ತಡೆಯಲಿಲ್ಲ. ಬ್ರಿಟಿಷ್ ಸರ್ಕಾರ ವಿಚಾರಣಾ ಸಮಿತಿಯನ್ನೇ ಕೂರಿಸಿತು; 1866ರಲ್ಲಿ ಬಾಳಿಕೆ ಬಂದ ಕೇಬಲ್ ಥಾಮ್ಸನ್ನನ ದಾರಿಯಲ್ಲೇ ಆದದ್ದು.

ನನ್ನ ಮಟ್ಟಿಗೆ ಕೇಬಲ್‌ಗಳ ಇಡೀ ಚರಿತ್ರೆ ಈ ಜಗಳದ ಮುಂದುವರಿಕೆ. ಅಳತೆಯನ್ನು ನಂಬುವವರು ಒಂದು ಕಡೆ, ಹೆಚ್ಚು ಸುರಿದರೆ ಹೆಚ್ಚು ಸಿಗುತ್ತದೆ ಎನ್ನುವವರು ಇನ್ನೊಂದು ಕಡೆ. ಆಗ ಸುರಿದದ್ದು ವೋಲ್ಟೇಜು, ಈಗ ಸುರಿಯುವುದು ದುಡ್ಡು. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಒಂದು ಸಂಜೆ ನಿಂತು ಕೇಳಿಸಿಕೊಂಡರೆ ಎರಡೂ ಪಂಗಡದವರು ಸಿಗುತ್ತಾರೆ.

ತಂತಿಗೆ ಎರಡನೆಯ ಕಂಟಕ ತಂದದ್ದು ಟೆಲಿಫೋನ್. ಮೊದಮೊದಲು ಫೋನಿಗೆ ಒಂದೇ ತಂತಿ. ಮರಳಿ ಬರುವ ದಾರಿ ಭೂಮಿ. ಪಕ್ಕದ ಟೆಲಿಗ್ರಾಫ್ ತಂತಿಯ ಟಕಟಕ, ಆಮೇಲೆ ಬಂದ ವಿದ್ಯುತ್ ಟ್ರಾಮಿನ ಗೊರಗೊರ ಎಲ್ಲವೂ ಮಾತಿನೊಳಕ್ಕೆ ನುಗ್ಗುತ್ತಿದ್ದವು. 1881ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಪೇಟೆಂಟ್ ಪಡೆದ ಉಪಾಯ ಆಶ್ಚರ್ಯವಾಗುವಷ್ಟು ಸರಳ. ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದುಬಿಡುವುದು. ಹೊರಗಿನ ಗದ್ದಲ ಎರಡರ ಮೇಲೂ ಸಮವಾಗಿ ಬೀಳುತ್ತದೆ. ಆಚೆ ತುದಿಯ ಉಪಕರಣ ಎರಡರ ನಡುವಿನ ವ್ಯತ್ಯಾಸವನ್ನಷ್ಟೇ ಓದುವುದರಿಂದ ಗದ್ದಲ ಕಳೆದುಹೋಗುತ್ತದೆ. ನಮ್ಮ ರೌಟರಿಗೆ ಚುಚ್ಚುವ ನೀಲಿ ವೈರಿನೊಳಗಿನ ನಾಲ್ಕು ಜೋಡಿಗಳು ಮಾಡುತ್ತಿರುವುದೂ ಇದನ್ನೇ. ಸಿಪ್ಪೆ ಸುಲಿದು ನೋಡಿ, ನಾಲ್ಕೂ ಜೋಡಿಗಳ ಹೊಸೆತ ಒಂದೇ ಸಮವಿಲ್ಲ. ಪಕ್ಕದ ಜೋಡಿಯ ಮಾತು ಇದಕ್ಕೆ ಕೇಳಿಸದಿರಲೆಂದೇ ಆ ಏರ್ಪಾಡು. ಪ್ಲಗ್ ಕಟ್ಟುವಾಗ ಎರಡಿಂಚು ಬಿಚ್ಚಿ ನೇರ ಮಾಡುವ ಎಲೆಕ್ಟ್ರಿಷಿಯನ್ ಬೆಲ್‌ನ ಕೆಲಸವನ್ನು ಅಲ್ಲಿಗೆ ಕೆಡಿಸಿದಂತೆ.

ವೇದಿಕೆಯ ಮೈಕಿನ ತಂತಿಯಲ್ಲೂ ಅದೇ ತತ್ವ. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಪ್ಲಗ್ ಲಾಸ್ ಏಂಜಲೀಸ್‌ನ ಕ್ಯಾನನ್ ಕಂಪನಿಯಿಂದ ಬಂದದ್ದು. ಹಳೆಯ ಸೌಂಡ್‌ನವರು ಅದನ್ನು ಇಂದಿಗೂ ಕ್ಯಾನನ್ ಎಂದೇ ಕರೆಯುವುದುಂಟು. ಒಂದು ಪಿನ್ ನೆಲಕ್ಕೆ, ಉಳಿದೆರಡರಲ್ಲಿ ಒಂದೇ ಧ್ವನಿ ತಿರುಗುಮುರುಗಾಗಿ ಹರಿಯುತ್ತದೆ. ರಾತ್ರಿಯಿಡೀ ನಡೆಯುವ ಯಕ್ಷಗಾನದಲ್ಲಿ ಭಾಗವತರ ಮೈಕಿನಿಂದ ಮಿಕ್ಸರ್ ತನಕ, ಜನರೇಟರ್ ಮತ್ತು ಟ್ಯೂಬ್‌ಲೈಟುಗಳ ನಡುವೆ ಐವತ್ತು ಮೀಟರ್ ಎಳೆದರೂ ಗುಂಯ್‌ಗುಡದೆ ಬರುವುದು ಹೀಗೆ. ಮನೆಯ ಆಂಪ್ಲಿಫೈಯರಿನ ಕೆಂಪು-ಬಿಳಿ ಆರ್‌ಸಿಎ ಪ್ಲಗ್‌ಗಳಿಗೆ ಈ ರಕ್ಷಣೆಯಿಲ್ಲ. ಅವು ನಾಲ್ಕೈದು ಮೀಟರಿನೊಳಗೆ ಇದ್ದರೆ ಚೆಂದ.

ಗಿಟಾರಿಗೆ ಚುಚ್ಚುವ ದಪ್ಪ ಕಾಲಿಂಚಿನ ಪ್ಲಗ್ ಹತ್ತೊಂಬತ್ತನೆಯ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹುಟ್ಟಿದ್ದು. ಅದರ ಮರಿಯಾದ 3.5 ಮಿಲಿಮೀಟರ್ ಪ್ಲಗ್ ಟ್ರಾನ್ಸಿಸ್ಟರ್ ರೇಡಿಯೊಗಳಲ್ಲಿ ಓಡಾಡಿಕೊಂಡಿತ್ತು. 1979ರಲ್ಲಿ ಸೋನಿ ವಾಕ್‌ಮನ್ ಬಂದಮೇಲೆ ಜಗತ್ತಿಗೆಲ್ಲ ಹರಡಿತು. 2016ರಲ್ಲಿ ಆಪಲ್ ತನ್ನ ಐಫೋನ್ 7ರಿಂದ ಅದನ್ನು ಕಿತ್ತುಹಾಕಿತು. ಅನೇಕ ಕಂಪನಿಗಳು ಹಿಂಬಾಲಿಸಿದವು. ಕೆಟ್ಟ ನಿರ್ಧಾರ ಎಂದು ಈಗಲೂ ಅನ್ನಿಸುತ್ತದೆ.

ಕಂಪ್ಯೂಟರ್‌ಗಳನ್ನು ಜೋಡಿಸುವ ಕಥೆ ಶುರುವಾಗುವುದು 1973ರಲ್ಲಿ, ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾಲಯದಲ್ಲಿ. ರಾಬರ್ಟ್ ಮೆಟ್‌ಕಾಫ್ ಕಲ್ಪಿಸಿದ ಈಥರ್ನೆಟ್ ಮೊದಲು ಹರಿದದ್ದು ಕೋಆಕ್ಸಿಯಲ್ ಕೇಬಲಿನಲ್ಲಿ: ನಡುವೆ ಒಂದು ತಂತಿ, ಸುತ್ತ ಹೊದಿಕೆ, ಅದರ ಮೇಲೆ ಲೋಹದ ಜಾಲರಿ. ಮುಂದೆ ಪ್ರಮಾಣಿತವಾದ ದಪ್ಪ ಕೇಬಲ್ ಒಂದು ಓಟಕ್ಕೆ 500 ಮೀಟರ್ ಹೋಗುತ್ತಿತ್ತು. ಅದರ ಮೈಯನ್ನು ಮೊಳೆಯಂಥ ಸಾಧನದಿಂದ ಚುಚ್ಚಿ ಸಂಪರ್ಕ ಪಡೆಯಬೇಕಿತ್ತು; ಎಲ್ಲಿ ಚುಚ್ಚಬಹುದೆಂದು ಎರಡೂವರೆ ಮೀಟರಿಗೊಂದು ಕಪ್ಪು ಗುರುತು. ನಂತರದ ತೆಳು ಕೇಬಲ್ 185 ಮೀಟರಿಗೆ ಇಳಿಯಿತು, ಆದರೆ ಅಗ್ಗ. 90ರ ದಶಕದ ಕಂಪ್ಯೂಟರ್ ಲ್ಯಾಬ್‌ಗಳಲ್ಲಿ ಓದಿದವರಿಗೆ ಅದರ ಕಾಟ ನೆನಪಿರಬಹುದು. ಒಂದು ತುದಿಯ 50 ಓಮ್ ಮುಚ್ಚಳ ಸಡಿಲವಾದರೆ ಇಡೀ ಸಾಲು ಸ್ತಬ್ಧ. ಕೇಬಲ್ ಟಿ.ವಿ.ಯವರು ತಂದ ಕೋಆಕ್ಸ್ 75 ಓಮ್‌ನದು. ಎರಡೂ ನೋಡಲು ಅಣ್ಣತಮ್ಮಂದಿರಂತಿದ್ದರೂ ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಓಮ್ ಹೊಂದದಿದ್ದರೆ ಸಂಕೇತ ಗೋಡೆಗೆ ಬಡಿದಂತೆ ಹಿಂದಿರುಗುತ್ತದೆ.

1990ರಲ್ಲಿ ಈಥರ್ನೆಟ್ ಹೊಸೆದ ಜೋಡಿಗೆ ಹೊರಳಿತು. ಪ್ರತಿ ಕಂಪ್ಯೂಟರಿಗೂ ಅದರದೇ ತಂತಿ, ಎಲ್ಲ ಬಂದು ಸೇರುವುದು ನಡುವಿನ ಪೆಟ್ಟಿಗೆಗೆ. ಒಬ್ಬನ ತಂತಿ ಕಿತ್ತರೆ ಅವನೊಬ್ಬನೇ ಕೆಡುತ್ತಾನೆ. ಮಿತಿ 100 ಮೀಟರ್. ಮರುವರ್ಷದಿಂದ ಅಮೆರಿಕದ ಪ್ರಮಾಣ ಸಂಸ್ಥೆಗಳು ಕೇಬಲ್‌ಗಳನ್ನು ದರ್ಜೆಗಳಾಗಿ ವಿಂಗಡಿಸತೊಡಗಿದವು. ನಾವು ಕ್ಯಾಟ್-5ಇ, ಕ್ಯಾಟ್-6 ಎನ್ನುವುದು ಈ ದರ್ಜೆಗಳನ್ನೇ. 5ಇ ಪರೀಕ್ಷೆಗೊಳಗಾಗುವುದು 100 ಮೆಗಾಹರ್ಟ್ಸ್‌ವರೆಗೆ, 6 ಆದರೆ 250, 6ಎ ಆದರೆ 500. ಒಂದು ಗಿಗಾಬಿಟ್ ವೇಗಕ್ಕೆ 5ಇ ಧಾರಾಳ ಸಾಕು, ಪೂರ್ತಿ 100 ಮೀಟರಿಗೂ. ಹತ್ತು ಗಿಗಾಬಿಟ್ ಬೇಕಿದ್ದರೆ ಕ್ಯಾಟ್-6 ಸುಮಾರು 55 ಮೀಟರ್ ತನಕ, 6ಎ ಪೂರ್ತಿ ನೂರಕ್ಕೆ. ಆನ್‌ಲೈನ್‌ನಲ್ಲಿ ಚಪ್ಪಟೆಯಾಗಿ ಹೆಣೆದು ಮಾರುವ ಕ್ಯಾಟ್-7ನ್ನು ಅಮೆರಿಕದ ಆ ಪಟ್ಟಿ ಒಪ್ಪಿಯೇ ಇಲ್ಲ. ಒಪ್ಪಿರುವ ಅಂತರರಾಷ್ಟ್ರೀಯ ಪ್ರಮಾಣದಲ್ಲಿ ಅದಕ್ಕೆ ಬೇರೆಯೇ ಪ್ಲಗ್ ಇದೆ. ಮಾಮೂಲಿ ಪ್ಲಗ್ ಹಾಕಿ ಏಳು ಎಂದು ಅಚ್ಚೊತ್ತಿದ್ದರೆ ಅದು ಮಾರಾಟದ ಅಂಕಿ. ಕ್ಯಾಟ್-8 ಇರುವುದು ಡೇಟಾ ಸೆಂಟರ್‌ಗಳ 30 ಮೀಟರ್ ಓಟಗಳಿಗೆ. ಮನೆಗೆ ಅದನ್ನು ತರುವುದು ವೈಟ್‌ಹೌಸ್‌ತನ.

ಆದರೆ ಅಂಕಿಗಿಂತ ದೊಡ್ಡ ಮೋಸ ತಂತಿಯ ಒಳಗಿದೆ. 305 ಮೀಟರಿನ ಡಬ್ಬಿ ಅನುಮಾನ ಬರುವಷ್ಟು ಅಗ್ಗಕ್ಕೆ ಸಿಕ್ಕಿದರೆ ಅದು ಬಹುಪಾಲು ಸಿಸಿಎ, ಅಂದರೆ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಅಲ್ಯೂಮಿನಿಯಂ ವಿದ್ಯುತ್ ಹರಿಸುವುದು ತಾಮ್ರದ ಶೇ. 61ರಷ್ಟು ಮಾತ್ರ. ಕ್ಯಾಟ್ ದರ್ಜೆಯ ಪ್ರಮಾಣಗಳು ಇದನ್ನು ಒಪ್ಪುವುದಿಲ್ಲ. ಡೇಟಾ ಹೇಗೋ ಹೋದೀತು. ಕಷ್ಟ ಬರುವುದು ಅದೇ ತಂತಿಯಲ್ಲಿ ವಿದ್ಯುತ್ತನ್ನೂ ಕಳಿಸುವಾಗ. 2003ರಲ್ಲಿ 15.4 ವ್ಯಾಟ್‌ನಿಂದ ಆರಂಭವಾದ ಆ ವ್ಯವಸ್ಥೆ 2018ರ ಹೊತ್ತಿಗೆ 90 ವ್ಯಾಟ್ ಮುಟ್ಟಿತು. ತೋಟದ ಗೇಟಿಗೆ 80 ಮೀಟರ್ ಎಳೆದ ಸಿಸಿಎಯಲ್ಲಿ ಹಗಲು ಓಡಿದ ಕ್ಯಾಮೆರಾ ರಾತ್ರಿ ತನ್ನ ದೀಪ ಹೊತ್ತಿಸಿದ ಕೂಡಲೇ ಆಫ್ ಆಗುವುದುಂಟು. ಜನ ಕ್ಯಾಮೆರಾವನ್ನು ಬೈಯುತ್ತಾರೆ. ಕೊಳ್ಳುವಾಗ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ: ಒಳಗೆ ಬೆಳ್ಳಗಿದ್ದರೆ ಅಲ್ಯೂಮಿನಿಯಂ. ಕೆರೆಯಲು ಬಿಡದ ಅಂಗಡಿಯಿಂದ ಹೊರಟುಬಿಡಿ.

ಯುಎಸ್‌ಬಿಯದು ಬೇರೆ ಬಗೆಯ ಗೋಜಲು. ವಡೋದರದಲ್ಲಿ ಓದಿ ಇಂಟೆಲ್ ಸೇರಿದ ಅಜಯ್ ಭಟ್ ಮತ್ತವರ ಸಂಗಡಿಗರು 1996ರಲ್ಲಿ ಅದನ್ನು ತಂದದ್ದು ಕಂಪ್ಯೂಟರ್ ಬೆನ್ನಿನ ಹತ್ತು ತರದ ತೂತುಗಳನ್ನು ಒಂದಾಗಿಸಲು. ವೇಗ ಸೆಕೆಂಡಿಗೆ 12 ಮೆಗಾಬಿಟ್. 2000ದಲ್ಲಿ ಅದು 480 ಆಯಿತು, 2008ರಲ್ಲಿ 5 ಗಿಗಾಬಿಟ್, 2019ರ ಯುಎಸ್‌ಬಿ 4ರಲ್ಲಿ 40. 2014ರಲ್ಲಿ ಬಂದ ಟೈಪ್-ಸಿ ಎತ್ತ ತಿರುಗಿಸಿದರೂ ಕೂರುವ 24 ಪಿನ್ನಿನ ಮುಖ. ಆಕಾರ ಒಂದಾಯಿತು ನಿಜ, ಒಳಗಿನ ತಂತಿಗಳು ಒಂದಾಗಲಿಲ್ಲ. ಮೊಬೈಲ್ ಡಬ್ಬಿಯಲ್ಲಿ ಬರುವ ಟೈಪ್-ಸಿ ಕೇಬಲ್ ಬಹುತೇಕ 480 ಮೆಗಾಬಿಟ್‌ನದೇ; ಮದುವೆಯ 50 ಗಿಗಾಬೈಟ್ ವಿಡಿಯೊ ಅದರಲ್ಲಿ ಇಳಿಯಲು ಇಪ್ಪತ್ತು ನಿಮಿಷ ದಾಟುತ್ತದೆ. ಎರಡೂ ಕಡೆಯ ಸಾಧನಗಳು ಒಪ್ಪಿದರೆ 10 ಗಿಗಾಬಿಟ್‌ನ ಕೇಬಲ್‌ಗೆ ಅದು ಒಂದು ನಿಮಿಷದ ಕೆಲಸ. ಹೊರಗಿನಿಂದ ನೋಡಿದರೆ ಎರಡೂ ಒಂದೇ.

ವಿದ್ಯುತ್ತಿನ ವಿಷಯದಲ್ಲಿ ಇದು ಬರೀ ಕಿರಿಕಿರಿಯಲ್ಲ, ಅಪಾಯ. ಗೂಗಲ್‌ನ ಎಂಜಿನಿಯರ್ ಬೆನ್ಸನ್ ಲಿಯುಂಗ್ 2015ರಿಂದ ಆನ್‌ಲೈನ್‌ನಲ್ಲಿ ಸಿಗುವ ಟೈಪ್-ಸಿ ಕೇಬಲ್‌ಗಳನ್ನು ತಾವೇ ಕೊಂಡು ಪರೀಕ್ಷಿಸಿ ಫಲಿತಾಂಶ ಬರೆಯತೊಡಗಿದರು. 2016ರಲ್ಲಿ ಒಂದು ಕೇಬಲ್‌ನ ಒಳಜೋಡಣೆ ತಿರುಗುಮುರುಗಾಗಿ ಅವರ ಲ್ಯಾಪ್‌ಟಾಪನ್ನೇ ಸುಟ್ಟಿತು. ಅದೇ ವರ್ಷ ಅಮೆಜಾನ್ ನಿಯಮಕ್ಕೆ ಹೊಂದದ ಟೈಪ್-ಸಿ ಕೇಬಲ್‌ಗಳ ಮಾರಾಟ ನಿಷೇಧಿಸಿತು. 60 ವ್ಯಾಟ್‌ಗಿಂತ ಹೆಚ್ಚು ಒಯ್ಯುವ ಕೇಬಲ್ ತನ್ನ ಶಕ್ತಿ ಎಷ್ಟೆಂದು ಚಾರ್ಜರಿಗೆ ತಿಳಿಸುವ ಪುಟ್ಟ ಚಿಪ್ಪನ್ನು ಒಳಗಿಟ್ಟುಕೊಂಡಿರಲೇಬೇಕು. ಈಗ ಪ್ರಮಾಣಪತ್ರ ಪಡೆದ ಕೇಬಲ್‌ಗಳ ಮೇಲೆ ವೇಗ ಮತ್ತು ವ್ಯಾಟ್ ಎರಡನ್ನೂ ಮುದ್ರಿಸುತ್ತಾರೆ. ಎರಡೇ ವ್ಯಾಟ್ ಅಂಕಿ, 60 ಇಲ್ಲವೇ 240.

ಟಿ.ವಿ.ಯ ಎಚ್‌ಡಿಎಂಐ ಬಗ್ಗೆ ಉದ್ದ ಹೇಳಬೇಕಿಲ್ಲ. ಡಿಜಿಟಲ್ ಸಂಕೇತ ಒಂದೋ ಸರಿಯಾಗಿ ತಲುಪುತ್ತದೆ, ಇಲ್ಲವೇ ಚಿತ್ರ ಮಿನುಗಿ, ಚುಕ್ಕೆ ಬಿದ್ದು, ಕಪ್ಪಾಗುತ್ತದೆ. ಚಿನ್ನದ ಲೇಪದಿಂದ ಬಣ್ಣ ಗಾಢವಾಗುತ್ತದೆ ಎಂಬ ಮಾತು ಸುಳ್ಳು. ಹೊಸ ಗೇಮಿಂಗ್ ಯಂತ್ರಗಳಿಗೆ 48 ಗಿಗಾಬಿಟ್‌ನ ಅಲ್ಟ್ರಾ ಹೈಸ್ಪೀಡ್ ಮುದ್ರೆಯ ಕೇಬಲ್, ಉದ್ದ ಮೂರು ಮೀಟರಿನೊಳಗೆ, ಅಷ್ಟು ಸಾಕು.

ಅತಿ ಹೆಚ್ಚು ಕಟ್ಟುಕಥೆ ಬೆಳೆದಿರುವುದು ಸ್ಪೀಕರ್ ತಂತಿಯ ಸುತ್ತ. ನೋಯೆಲ್ ಲೀ 1979ರಲ್ಲಿ ಮಾನ್‌ಸ್ಟರ್ ಕೇಬಲ್ ಕಂಪನಿ ಕಟ್ಟುವವರೆಗೂ ಜನ ದೀಪಕ್ಕೆ ಹಾಕುವ ವೈರನ್ನೇ ಹಾಕುತ್ತಿದ್ದರು. ಆಮೇಲೆ ತಂತಿಯೂ ಒಂದು ಆಭರಣವಾಯಿತು. 2007ರಲ್ಲಿ ಪವಾಡಗಳನ್ನು ಬಯಲು ಮಾಡುತ್ತಿದ್ದ ಜಾದೂಗಾರ ಜೇಮ್ಸ್ ರ್‍ಯಾಂಡಿ 7,250 ಡಾಲರಿನ ಸ್ಪೀಕರ್ ಕೇಬಲ್ಲನ್ನು ಮಾಮೂಲಿ ಕೇಬಲ್ಲಿನಿಂದ ಕಿವಿಯಲ್ಲೇ ಬೇರೆ ಮಾಡಿ ತೋರಿಸಿದರೆ ತನ್ನ ಹತ್ತು ಲಕ್ಷ ಡಾಲರಿನ ಬಹುಮಾನ ಕೊಡುವುದಾಗಿ ಸವಾಲೆಸೆದ. ಆ ಬಹುಮಾನವನ್ನು ಯಾರೂ ಗೆಲ್ಲಲಿಲ್ಲ. ನಿಜವಾದ ಲೆಕ್ಕ ಚಿಕ್ಕದು: ತಂತಿಯ ಒಟ್ಟು ರೋಧ ಸ್ಪೀಕರಿನ ಓಮ್‌ನ ಶೇ. 5 ಮೀರದಿರಲಿ. ಮನೆ ವೈರಿಂಗಿನ ಒಂದೂವರೆ ಸ್ಕ್ವೇರ್ ತಾಮ್ರದ ವೈರಿಗೆ ಕಿಲೋಮೀಟರಿಗೆ 13 ಓಮ್ ಚಿಲ್ಲರೆ. ಹತ್ತು ಮೀಟರ್ ದೂರದ ಸ್ಪೀಕರಿಗೆ ಹೋಗಿಬರುವ 20 ಮೀಟರಿಗೆ 0.27 ಓಮ್, 8 ಓಮ್ ಸ್ಪೀಕರಿಗೆ ಮಿತಿ 0.4. ಸಾಕಾಯಿತು. 4 ಓಮ್ ಸ್ಪೀಕರಾದರೆ ಎರಡೂವರೆ ಸ್ಕ್ವೇರ್ ಹಾಕಿ. ಉಳಿದ ದುಡ್ಡಿನಲ್ಲಿ ಒಳ್ಳೆಯ ಸ್ಪೀಕರ್ ಕೊಳ್ಳಿ.

ತಾಮ್ರದ ಮಿತಿಯನ್ನು ದಾಟಿದ್ದು ಗಾಜು. ನರಿಂದರ್ ಸಿಂಗ್ ಕಪಾನಿ 1954ರಲ್ಲೇ ಗಾಜಿನೆಳೆಗಳ ಕಟ್ಟಿನ ಮೂಲಕ ಚಿತ್ರ ಕಳಿಸಿ ತೋರಿಸಿದ್ದರು. ಅಶುದ್ಧಿ ತೆಗೆದರೆ ಬೆಳಕು ಕಿಲೋಮೀಟರುಗಟ್ಟಲೆ ಹೋದೀತೆಂದು 1966ರಲ್ಲಿ ಲೆಕ್ಕ ಹಾಕಿದವರು ಚಾರ್ಲ್ಸ್ ಕಾವೊ, ಅದಕ್ಕೆ 2009ರ ನೊಬೆಲ್. ಬೆಂಗಳೂರಿನ ಮರಗಳಲ್ಲಿ ಜೋತುಬಿದ್ದ ಕಪ್ಪು ಕೇಬಲ್‌ಗಳಲ್ಲಿ ಬಹಳಷ್ಟು ಈಗ ಅದೇ. ಮಲೆನಾಡು, ಕರಾವಳಿಯವರಿಗೆ ಅದರ ದೊಡ್ಡ ಲಾಭ ವೇಗಕ್ಕಿಂತ ಬೇರೆ: ಗಾಜು ಸಿಡಿಲನ್ನು ಒಯ್ಯುವುದಿಲ್ಲ. ಆಧಾರಕ್ಕಿರುವ ಉಕ್ಕಿನ ತಂತಿ ಒಯ್ಯಬಲ್ಲದು, ಅದನ್ನು ಗೋಡೆಯ ಹೊರಗೇ ನಿಲ್ಲಿಸಲು ಹೇಳಿ. ಮನೆಯಿಂದ ಔಟ್‌ಹೌಸಿಗೆ ನೆಟ್ ಎಳೆಯುವುದಿದ್ದರೂ ತಾಮ್ರಕ್ಕಿಂತ ಫೈಬರ್ ಒಳ್ಳೆಯದು. ಹಸಿರು ತುದಿಯ ಪ್ಲಗ್ಗನ್ನು ನೀಲಿ ಕಿಂಡಿಗೆ ಮಾತ್ರ ತುರುಕಬೇಡಿ. ಎರಡರ ಮುಖದ ಕೋನ ಬೇರೆ.

ಹೊಸ ಮನೆ ಕಟ್ಟುವವರಿಗೆ ಒಂದು ಮಾತು. ಪ್ರತಿ ಕೋಣೆಗೂ ಎರಡು ಶುದ್ಧ ತಾಮ್ರದ ಕ್ಯಾಟ್-6 ಎಳೆಸಿ, ಪೈಪು ಒಂದಿಂಚಿನದಿರಲಿ, ಮುಂದೆ ಫೈಬರ್ ಎಳೆಯಲು ಒಳಗೊಂದು ನೈಲಾನ್ ದಾರ ಬಿಡಿಸಿ. ಕರೆಂಟಿನ ವೈರ್ ಹೋಗುವ ಪೈಪಿನಲ್ಲೇ ಈ ಕೇಬಲ್‌ಗಳನ್ನೂ ತುರುಕುತ್ತೇನೆಂದು ಎಲೆಕ್ಟ್ರಿಷಿಯನ್ ಅಂದರೆ ಒಪ್ಪಬೇಡಿ.