ಮಡ್‌ಗಾರ್ಡಿನ ಮೇಲಿನ ಏರಿಯಲ್

ಮೊನ್ನೆ ನನ್ನ ಸೋದರಳಿಯ ತಾನು ಕೊಂಡ ಹೊಸ ಕಾರನ್ನು ತೋರಿಸಲು ಮನೆಗೆ ಬಂದಿದ್ದನು. ಕಾರಿನ ನೆತ್ತಿಯ ಮೇಲೆ ಮೀನಿನ ಈಜುರೆಕ್ಕೆಯಂತಹ ಚಿಕ್ಕ ಉಬ್ಬೊಂದಿತ್ತು. "ಇದೇ ಆಂಟೆನಾ, ಮಾವ" ಎಂದನು. ನನಗೆ ಅವನ ತಂದೆಯ ಅಂಬಾಸಡರ್ ನೆನಪಾಯಿತು. ಆ ಕಾರಿಗೆ ಏರಿಯಲ್ ಕೂರಿಸಿದ ಪ್ರಸಂಗವನ್ನು ನಾನು ಇದುವರೆಗೆ ಯಾರಿಗೂ ಪೂರ್ಣವಾಗಿ ಹೇಳಿಲ್ಲ.

ಮೊದಲು ಸ್ವಲ್ಪ ಇತಿಹಾಸ. ಅಮೆರಿಕದ ಶಿಕಾಗೋ ನಗರದ ಪಾಲ್ ಗಾಲ್ವಿನ್ ಎಂಬಾತ 1930ರಲ್ಲಿ ತನ್ನ ಕಾರಿಗೆ ರೇಡಿಯೋ ಅಳವಡಿಸಿಕೊಂಡು ಅಟ್ಲಾಂಟಿಕ್ ಸಿಟಿಯಲ್ಲಿ ನಡೆಯುತ್ತಿದ್ದ ರೇಡಿಯೋ ತಯಾರಕರ ಸಮ್ಮೇಳನಕ್ಕೆ ಹೋದನು. ಒಳಗೆ ಮಳಿಗೆ ಇರಲಿಲ್ಲ. ಕಾರನ್ನು ಹೊರಗೆ ನಿಲ್ಲಿಸಿ ರೇಡಿಯೋವನ್ನು ಜೋರಾಗಿ ಹಾಕಿ ಜನರನ್ನು ಸೆಳೆದನು. ಮೋಟಾರಿನಲ್ಲಿ ಹಾಡುವ ಪೆಟ್ಟಿಗೆಯಾದ್ದರಿಂದ ಅದಕ್ಕೆ 'ಮೋಟೊರೋಲಾ' ಎಂದು ಹೆಸರಾಯಿತು. ಆಗಿನ ಬಹುಪಾಲು ಕಾರುಗಳ ಛಾವಣಿಯ ನಡುಭಾಗ ಬಟ್ಟೆಯದು. ಅದನ್ನು ತಾಳಿಕೊಳ್ಳಲು ಒಳಗೆ ಕೋಳಿಗೂಡಿನ ಜಾಲರಿ ಹಾಸಿರುತ್ತಿದ್ದರು. ಆ ಜಾಲರಿಯೇ ಏರಿಯಲ್! ಜನರಲ್ ಮೋಟಾರ್ಸ್ 1935ರ ಮಾದರಿಗಳಿಗೆ ಇಡಿಯಾಗಿ ಉಕ್ಕಿನ ಛಾವಣಿ ಹಾಕಿದಾಗ ಈ ಅನುಕೂಲ ತಪ್ಪಿತು. ಉಕ್ಕಿನ ಹೊದಿಕೆಯೊಳಗಿನ ತಂತಿಗೆ ಅಲೆಗಳು ತಲುಪವು. ಕೆಲವರು ಏರಿಯಲ್ಲನ್ನು ಕಾಲಿಡುವ ಹಲಗೆಯ ಅಡಿಗೆ ಕಟ್ಟಿದರು. ಅಲ್ಲಿ ಕೆಸರು, ಕಲ್ಲುಗಳ ಪೆಟ್ಟು. ಕೊನೆಗೆ ಹೊರಗೆ ನೆಟ್ಟಗೆ ನಿಲ್ಲುವ ಲೋಹದ ಕಡ್ಡಿಯೇ ಗೆದ್ದಿತು. (ಅದೇ 1935ರಲ್ಲಿ ನಮ್ಮ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 'ಆಕಾಶವಾಣಿ'ಯನ್ನು ಆರಂಭಿಸಿದ್ದರು.)

ಈಗ 1986ಕ್ಕೆ ಬರುತ್ತೇನೆ. ನಾನು ಬಿ.ಎಡ್. ಮುಗಿಸಿ, ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಲು ತೊಡಗಿ ಎರಡು ವರ್ಷಗಳಾಗಿದ್ದವು. ಅಡಿಕೆ ವ್ಯಾಪಾರದ ನಮ್ಮ ಭಾವನವರು ಹಳೆಯ ಅಂಬಾಸಡರ್ ಒಂದನ್ನು ಕೊಂಡು, ಅದಕ್ಕೊಂದು ರೇಡಿಯೋವನ್ನೂ ತಂದರು. ವರ್ಷವರ್ಷವೂ ಅಂಚೆ ಕಚೇರಿಗೆ ಹೋಗಿ ರೇಡಿಯೋ ಲೈಸೆನ್ಸಿಗೆ ಹಣ ಕಟ್ಟುವ ಕಾಲ ಆಗಷ್ಟೇ ಮುಗಿದಿತ್ತು. "ನೀನು ವಿಜ್ಞಾನದ ಮೇಷ್ಟ್ರು, ಏರಿಯಲ್ ಎಲ್ಲಿ ಹಾಕಬೇಕು ನೀನೇ ಹೇಳು" ಎಂದರು. ಕಾರಿಗೆ ತೂತು ಕೊರೆಯುವುದು ಅವರಿಗೆ ಕಿಂಚಿತ್ತೂ ಇಷ್ಟವಿರಲಿಲ್ಲ. ನಾನು ಗಂಭೀರವಾಗಿ ಲೆಕ್ಕ ಬಿಡಿಸಿದೆನು. ಭದ್ರಾವತಿ ಆಕಾಶವಾಣಿ 675 ಕಿಲೋಹರ್ಟ್ಸ್. ಅಲೆಯ ಉದ್ದ ಸುಮಾರು 444 ಮೀಟರ್, ಅದರ ಕಾಲುಭಾಗ 111 ಮೀಟರ್. ಒಂದು ಮೀಟರಿನ ಕಡ್ಡಿ ಅದರ ಮುಂದೆ ಎಷ್ಟು? ಆದ್ದರಿಂದ ಅದನ್ನು ಪೂರ್ತಿ ಎಳೆದು ನೆಟ್ಟಗೆ ನಿಲ್ಲಿಸಬೇಕು, ಕೇಬಲ್ ಗಿಡ್ಡವಾಗಿರಬೇಕು, ಎಡಬದಿಯ ಮುಂದಿನ ಮಡ್‌ಗಾರ್ಡೇ ತಕ್ಕ ಸ್ಥಳ ಎಂದು ತೀರ್ಪಿತ್ತೆನು. ಮೆಕ್ಯಾನಿಕ್ ತೂತು ಕೊರೆದನು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಎಂಜಿನ್ ನಿಂತಿರುವಾಗ ಭದ್ರಾವತಿ ಸ್ಫಟಿಕದಂತೆ ಕೇಳಿಸಿತು. ಎಂಜಿನ್ ಚಾಲೂ ಆಯಿತೋ, ಪಟಪಟ ಪಟಪಟ! ಆಕ್ಸಿಲರೇಟರ್ ಒತ್ತಿದಂತೆಲ್ಲ ಸದ್ದು ಏರುತ್ತಿತ್ತು. ವಾರ್ತೆ ಓದುವವರ ದನಿ ಅದರಲ್ಲಿ ಮುಳುಗಿಹೋಯಿತು. ಭಾವನವರು ಏನೂ ಅನ್ನಲಿಲ್ಲ. ತೂತಿನ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದರು. ನಾನು ಮೂರು ದಿನ ಪುಸ್ತಕಗಳನ್ನು ತಿರುವಿ ಹಾಕಿದೆನು.

ನಾಲ್ಕನೆಯ ದಿನ ಭಾವನವರೇ ಬಸ್‌ಸ್ಟ್ಯಾಂಡ್ ಬಳಿಯ ರೇಡಿಯೋ ರಿಪೇರಿ ಅಂಗಡಿಯಿಂದ ಒಬ್ಬ ಹುಡುಗನನ್ನು ಕರೆತಂದರು. ನೋಡಿದರೆ ನನ್ನ ಶಿಷ್ಯ! ಎಸ್.ಎಸ್.ಎಲ್.ಸಿ. ವಿಜ್ಞಾನದಲ್ಲಿ ಎರಡು ಬಾರಿ ಅನುತ್ತೀರ್ಣನಾಗಿದ್ದವನು. "ನಿನ್ನ ತಲೆಗೆ ಇದು ಹತ್ತುವುದಿಲ್ಲ" ಎಂದು ತರಗತಿಯೆದುರು ನಾನೇ ಅಂದಿದ್ದೆ. ಅವನು ನಮಸ್ಕರಿಸಿ, ಮಡ್‌ಗಾರ್ಡಿನ ಅಡಿಗೆ ಅಂಗಾತ ಮಲಗಿದನು. ಏರಿಯಲ್ಲಿನ ನಟ್ಟು ಬಿಚ್ಚಿ, ತೂತಿನ ಸುತ್ತಲಿನ ಬಣ್ಣವನ್ನು ಒಳಗಿನಿಂದ ಹರಿತವಾದ ಚಾಕುವಿನಿಂದ ಕೆರೆಯತೊಡಗಿದನು. ತಗಡು ಬೆಳ್ಳಗೆ ಹೊಳೆಯುವವರೆಗೂ ಕೆರೆದನು. ತುಕ್ಕು ಹಿಡಿಯದಂತೆ ಸ್ವಲ್ಪ ಗ್ರೀಸ್ ಸವರಿ ಮತ್ತೆ ಬಿಗಿದನು.

"ಬಣ್ಣದ ಮೇಲೇ ಕೂತಿತ್ತು ಸಾರ್. ಅರ್ಥ್ ಆಗಿರಲಿಲ್ಲ" ಎಂದನು.

ಕಡ್ಡಿಯು ಆಂಟೆನಾದ ಅರ್ಧಭಾಗ ಮಾತ್ರ; ಉಳಿದರ್ಧ ಕಾರಿನ ಲೋಹದ ಮೈ. ಕೇಬಲ್ಲಿನ ಹೊರಕವಚವು ಆ ಮೈಗೆ ಚೆನ್ನಾಗಿ ತಗುಲಿರದಿದ್ದರೆ ಸ್ಪಾರ್ಕ್ ಪ್ಲಗ್ಗಿನ ಕಿಡಿಗಳ ಗದ್ದಲವನ್ನೆಲ್ಲ ಅದು ಹೀರಿಕೊಂಡು ಒಳಗೆ ತರುತ್ತದೆ. ಮಾರ್ಕೋನಿಯು ತನ್ನ ಉಪಕರಣದ ಒಂದು ತುದಿಯನ್ನು ನೆಲಕ್ಕೆ ಜೋಡಿಸಿದ್ದನ್ನು ನಾನು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಪಾಠ ಮಾಡಿದ್ದೆ. ಆ ಪಾಠದಲ್ಲಿ ಅವನೂ ಕುಳಿತಿದ್ದನು. ರಬ್ಬರ್ ಚಕ್ರಗಳ ಮೇಲಿರುವ ಕಾರಿಗೆ ನೆಲ ಯಾವುದು ಎಂದು ನಾನು ಯೋಚಿಸಿರಲಿಲ್ಲ, ಅವನು ಯೋಚಿಸಿದ್ದನು.

ಅಷ್ಟಕ್ಕೇ ಬಿಡಲಿಲ್ಲ. ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ತಂತಿಗೆ ಒಂದು ಸಪ್ರೆಸರ್, ಡೈನಮೋಗೆ ಒಂದು ಕಂಡೆನ್ಸರ್ ಹಾಕಿದನು. ಬಳಿಕ ದೂರದ ಕ್ಷೀಣ ನಿಲಯವೊಂದನ್ನು ಹಿಡಿದು, ರೇಡಿಯೋದ ಟ್ರಿಮ್ಮರ್ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ, ದನಿ ಅತ್ಯಂತ ಜೋರಾದಲ್ಲಿ ನಿಲ್ಲಿಸಿದನು. ಏರಿಯಲ್ಲಿಗೂ ಕೇಬಲ್ಲಿಗೂ ರೇಡಿಯೋವನ್ನು ಹೊಂದಿಸುವ ಕ್ರಮವದು. ಎಂಜಿನ್ ಚಾಲೂ ಮಾಡಿದರೆ ಸದ್ದು ಹೆಚ್ಚೂಕಡಿಮೆ ಮಾಯ. ಭಾವನವರು ನಕ್ಕರು. ನಾನು ಅವನಿಗೆ ಒಂದು ಮಾತು ಹೇಳಬೇಕಾಗಿತ್ತು, ಹೇಳಲಿಲ್ಲ. ಕಾಫಿ ಕೊಡಿಸಿದೆ, ಅಷ್ಟೇ.

2001ರ ಜುಲೈನಲ್ಲಿ ಬೆಂಗಳೂರಿನಲ್ಲಿ ಖಾಸಗಿ ಎಫ್.ಎಂ. ನಿಲಯ 91 ಮೆಗಾಹರ್ಟ್ಸಿನಲ್ಲಿ ಆರಂಭವಾದಾಗ ಈ ಲೆಕ್ಕವೇ ಬದಲಾಯಿತು. ಅಲೆಯ ಕಾಲುಭಾಗ ಸುಮಾರು 82 ಸೆಂಟಿಮೀಟರ್, ಹಳೆಯ ಕಡ್ಡಿಗೆ ಹೇಳಿ ಮಾಡಿಸಿದ ಅಳತೆ. ಈಗಿನ ಈಜುರೆಕ್ಕೆಯೊಳಗೆ ಅಷ್ಟುದ್ದ ಹಿಡಿಸದು. ಅದರ ಕೊರತೆಯನ್ನು ಒಳಗಿನ ಪುಟ್ಟ ವರ್ಧಕ ತುಂಬುತ್ತದೆ.

ಅಂಬಾಸಡರನ್ನು ಭಾವನವರು 1998ರಲ್ಲಿಯೇ ಮಾರಿದ್ದರು. ಆ ವೇಳೆಗೆ ಯಾರೋ ಕಡ್ಡಿಯನ್ನು ಮುರಿದಿದ್ದರಿಂದ ತೂತಿಗೆ ರಬ್ಬರ್ ಬಿರಡೆ ಹಾಕಿದ್ದರು. ಕೊಳ್ಳಲು ಬಂದವನು ಬಿರಡೆಯನ್ನು ಕಿತ್ತು, ಬೆರಳು ತೂರಿಸಿ ನೋಡಿ, "ಇಷ್ಟು ವರ್ಷವಾದರೂ ತುಕ್ಕೇ ಹಿಡಿದಿಲ್ಲವಲ್ಲ!" ಎಂದನಂತೆ.