ಮಲೆನಾಡಿನ ಮನೆಗೆ ಹಾಸು-ಹೊದಿಕೆ: ಮಿತವ್ಯಯದ ಆಯ್ಕೆ, ಚೊಗರಿನ ಬಣ್ಣ ಮತ್ತು ಮಳೆಗಾಲದ ಜೋಪಾನ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಮಲಗುವ ಕೋಣೆಯನ್ನು ಅಂದಗೊಳಿಸುವಾಗ ಬಣ್ಣಕ್ಕಿಂತ ಮೊದಲು ಯೋಚಿಸಬೇಕಾದುದು ತೇವದ ಬಗ್ಗೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಅಧಿಕ ಮಳೆಯಾಗುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ ಕೂಡ ಅದೇ ಸಾಲಿಗೆ ಸೇರಿದ ಊರು. ಇಂತಹ ಪ್ರದೇಶದಲ್ಲಿ ಅಂಗಡಿಯಲ್ಲಿ ಚೆಂದ ಕಂಡಿತೆಂದು ತಂದ ದಪ್ಪನೆಯ ಹೊದಿಕೆಯು ಆಷಾಢದಲ್ಲಿ ಒಮ್ಮೆ ಒದ್ದೆಯಾಯಿತೆಂದರೆ ವಾರವಾದರೂ ಒಣಗುವುದಿಲ್ಲ. ಒಳಗಿನ ಅರಳೆಯಲ್ಲಿ ಮುಗ್ಗಲು ವಾಸನೆ ಹುಟ್ಟಿ, ಮೇಲೆ ಕಪ್ಪು ಚುಕ್ಕೆಯ ಬೂಷ್ಟು ಕಾಣಿಸಿಕೊಳ್ಳುತ್ತದೆ. ಹಾಸಿಗೆಯ ಬೂಷ್ಟು ಮತ್ತು ಅದರೊಡನೆ ವೃದ್ಧಿಯಾಗುವ ಧೂಳುನುಸಿಗಳು ಮಕ್ಕಳಲ್ಲಿ ಹಾಗೂ ವೃದ್ಧರಲ್ಲಿ ಉಬ್ಬಸ ಮತ್ತು ಅಲರ್ಜಿಯನ್ನು ಉಲ್ಬಣಗೊಳಿಸುತ್ತವೆ. ಹೊದಿಕೆಗೆ ತೆತ್ತ ಹಣವೂ ಹೋಗಿ, ಔಷಧಕ್ಕೆ ಮತ್ತಷ್ಟು ಖರ್ಚಾಗುತ್ತದೆ.

ಆದ್ದರಿಂದ ಈ ಭಾಗದ ರೈತ ಕುಟುಂಬಗಳಿಗೆ ಮುಖ್ಯವಾಗಿ ಮೂರು ಸಲಹೆಗಳಿವೆ. ಒಂದು ದಪ್ಪ ಹೊದಿಕೆಗೆ ಬದಲಾಗಿ ಬೇಗ ಒಣಗುವ ಎರಡು ಮೂರು ತೆಳು ಪದರಗಳನ್ನು ಇಟ್ಟುಕೊಳ್ಳಬೇಕು. ಸಿದ್ಧ ಸೆಟ್ಟುಗಳನ್ನು ಕೊಳ್ಳುವ ಬದಲು ಬಟ್ಟೆಯನ್ನು ಮೀಟರ್ ಲೆಕ್ಕದಲ್ಲಿ ತಂದು ಹೊಲಿಸಬೇಕು. ಇಡೀ ಕೋಣೆಯನ್ನು ಒಂದೇ ಮೂಲವರ್ಣದ ಸುತ್ತ ಹೊಂದಿಸಬೇಕು. ಆ ಮೂಲವರ್ಣವು ಅಡಿಕೆ ಬೆಳೆಗಾರರ ಅಂಗಳದಲ್ಲಿಯೇ ದೊರೆಯುತ್ತದೆ. ಅಡಿಕೆ ಬೇಯಿಸಿ ಉಳಿದ ಚೊಗರೇ ಅದು.

ಬಟ್ಟೆಯ ಆಯ್ಕೆ

ಹತ್ತಿಯ ನೂಲು ಸಾಧಾರಣ ಸ್ಥಿತಿಯಲ್ಲಿ ತನ್ನ ತೂಕದ ಶೇ. 8ರಷ್ಟು ತೇವವನ್ನು ಹೀರಿ ಇಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ನೂಲಿನಲ್ಲಿ ಇದು ಶೇ. 1ಕ್ಕಿಂತಲೂ ಕಡಿಮೆ. ಮೈಗೆ ತಾಗುವ ಹಾಸುಬಟ್ಟೆ ಮತ್ತು ದಿಂಬಿನ ಚೀಲಗಳಿಗೆ ಬೆವರನ್ನು ಹೀರುವ ಹತ್ತಿಯೇ ಯೋಗ್ಯವಾಗಲು ಇದು ಕಾರಣ. ಮಳೆಗಾಲದಲ್ಲಿ ಹತ್ತಿ ಒಣಗಲು ತಡವಾಗುವುದಕ್ಕೂ ಇದೇ ಕಾರಣ. ಹೀಗಾಗಿ ಹತ್ತಿಯಲ್ಲಿಯೂ ತೆಳುವಾದ, ಸಾದಾ ನೇಯ್ಗೆಯ ಬಟ್ಟೆಯನ್ನು ಆರಿಸಬೇಕು. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ನೂಲುಗಳ ನಡುವೆ ಸಣ್ಣಗೆ ಬೆಳಕು ಹಾಯಬೇಕು, ಆದರೆ ಬೆರಳಿನಿಂದ ತಳ್ಳಿದಾಗ ನೂಲುಗಳು ಸರಿದು ಜಾಗ ಬಿಡಬಾರದು.

ಕಿಟಕಿಯ ಪರದೆಯ ವಿಚಾರ ಬೇರೆ. ಎಲ್ಲೆಡೆ ಹತ್ತಿಯನ್ನೇ ಬಳಸಬೇಕೆಂಬ ಸಲಹೆ ಕೇಳಲು ಹಿತವಾದರೂ, ಜಡಿಮಳೆಯ ಎರಚಲು ತಾಗುವ ಕಿಟಕಿಗೆ ಹತ್ತಿ ಮಿಶ್ರಿತ ಪಾಲಿಯೆಸ್ಟರ್ ಪರದೆಯೇ ಹೆಚ್ಚು ಬಾಳಿಕೆ ಬರುತ್ತದೆ. ಅಡಿಕೆ ತೋಟದ ನೆರಳಿನಲ್ಲಿರುವ ಮನೆಗಳಿಗೆ ಮೊದಲೇ ಬೆಳಕು ಕಡಿಮೆ. ಪರದೆಯ ಬಟ್ಟೆಯು ಕಿಟಕಿಯ ಅಗಲದ ಒಂದೂವರೆ ಪಟ್ಟು ಇದ್ದರೆ ಸಾಕು. ಎರಡು ಪಟ್ಟು ಇಟ್ಟು ನೆರಿಗೆ ಹೆಚ್ಚಿಸುವುದರಿಂದ ಖರ್ಚು ಮತ್ತು ಕತ್ತಲೆ ಎರಡೂ ಹೆಚ್ಚುತ್ತವೆ.

ಕೈಮಗ್ಗದ ಬಟ್ಟೆಯು ಗಿರಣಿ ಬಟ್ಟೆಗಿಂತ ದುಬಾರಿಯಾಗಿರುತ್ತದೆ. ಆದುದರಿಂದ ಎಲ್ಲವನ್ನೂ ಕೈಮಗ್ಗದಲ್ಲಿ ಕೊಳ್ಳುವ ಅಗತ್ಯವಿಲ್ಲ. ಪದೇಪದೇ ಒಗೆಯಬೇಕಾದ ಒಳಹಾಸಿಗೆ ಬಿಳಿಯ ಅಥವಾ ಕೋರಾ ಗಿರಣಿ ಬಟ್ಟೆ ಸಾಕು. ಕಣ್ಣಿಗೆ ಕಾಣುವ ಮೇಲುಹಾಸಿಗೆ ಮಾತ್ರ ಕೈಮಗ್ಗದ ಬಟ್ಟೆ ಇರಲಿ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ, ರಂಗನಿರ್ದೇಶಕ ಪ್ರಸನ್ನ ಅವರ ಪ್ರೇರಣೆಯಿಂದ 1990ರ ದಶಕದಲ್ಲಿ ಆರಂಭಗೊಂಡ ‘ಚರಕ’ ಮಹಿಳಾ ಸಹಕಾರ ಸಂಘವು ಸಸ್ಯಜನ್ಯ ಬಣ್ಣಗಳ ಕೈಮಗ್ಗದ ಹತ್ತಿ ಬಟ್ಟೆಗೆ ಹೆಸರಾಗಿದೆ. ಅದರ ಉತ್ಪನ್ನಗಳು ‘ದೇಸಿ’ ಮಳಿಗೆಗಳ ಮೂಲಕ ಮಾರಾಟವಾಗುತ್ತ ಬಂದಿವೆ. 2020ರಲ್ಲಿ ಸರಕು ಮಾರಾಟವಾಗದೆ ಸಂಘವು ತೀವ್ರ ಹಣಕಾಸಿನ ಸಂಕಷ್ಟಕ್ಕೆ ಸಿಲುಕಿತ್ತು. ಅಡಿಕೆ ಚೊಗರನ್ನು ಬಟ್ಟೆಯ ಬಣ್ಣವಾಗಿ ವ್ಯಾಪಕವಾಗಿ ಬಳಕೆಗೆ ತಂದ ಶ್ರೇಯಸ್ಸು ಈ ಗ್ರಾಮೀಣ ಮಹಿಳೆಯರಿಗೆ ಸಲ್ಲಬೇಕು. ಖಾದಿ ಮಳಿಗೆಗಳಲ್ಲಿ ಗಾಂಧಿ ಜಯಂತಿಯ ಸುಮಾರಿಗೆ ರಿಯಾಯಿತಿ ದೊರೆಯುತ್ತದೆ. ಆ ವೇಳೆಗೆ ಅಡಿಕೆಯ ಹಣ ಕೈಸೇರಿರುವುದಿಲ್ಲವೆಂಬುದು ಬೆಳೆಗಾರರಿಗೆ ತಿಳಿದದ್ದೇ. ಇದಕ್ಕಾಗಿ ಹಿಂದಿನ ಬೇಸಿಗೆಯಲ್ಲಿಯೇ ಸ್ವಲ್ಪ ಹಣವನ್ನು ತೆಗೆದಿಡುವುದು ಒಳಿತು.

ಅಳತೆ ಮತ್ತು ಲೆಕ್ಕ

ಹಳ್ಳಿಯ ಆಚಾರಿಗಳು ಮಾಡಿಕೊಟ್ಟ ಮಂಚಗಳ ಅಳತೆಯು ಅಂಗಡಿಯ ಸಿದ್ಧ ಹಾಸುಗಳಿಗೆ ಹೊಂದುವುದು ಅಪರೂಪ. ಹೀಗಾಗಿ ಮೊದಲು ಹಾಸಿಗೆಯನ್ನು ಅಳೆಯಬೇಕು. ಉದಾಹರಣೆಗೆ, 60 ಇಂಚು ಅಗಲ, 78 ಇಂಚು ಉದ್ದ ಹಾಗೂ 5 ಇಂಚು ದಪ್ಪದ ಹಾಸಿಗೆಯನ್ನು ತೆಗೆದುಕೊಳ್ಳೋಣ. ಪ್ರತಿ ಬದಿಗೆ ದಪ್ಪದ 5 ಇಂಚು ಮತ್ತು ಇಳಿಬಿಡಲು 8 ಇಂಚು ಸೇರಿಸಿದರೆ ಮೇಲುಹಾಸಿನ ಅಳತೆ 86 × 104 ಇಂಚು ಆಗುತ್ತದೆ. 48 ಇಂಚು ಪನ್ನದ ಬಟ್ಟೆಯಾದರೆ ಎರಡು ಉದ್ದಗಳು ಬೇಕು. ಒಗೆದಾಗ ಶೇ. 5ರಷ್ಟು ಕುಗ್ಗುವುದನ್ನು ಮತ್ತು ಅಂಚಿನ ಮಡಿಕೆಯನ್ನು ಲೆಕ್ಕಕ್ಕೆ ಹಿಡಿದು 6 ಮೀಟರ್ ಕೊಳ್ಳಬೇಕು. ಎರಡು ದಿಂಬಿನ ಚೀಲಗಳಿಗೆ (ದಿಂಬು 17 × 27 ಇಂಚು) ಅದೇ ಪನ್ನದಲ್ಲಿ ಇನ್ನೂ ಒಂದೂ ಮುಕ್ಕಾಲು ಮೀಟರ್ ಸಾಕು.

ಜೋಡಣೆಯ ಹೊಲಿಗೆಯು ಮಧ್ಯದಲ್ಲಿ ಬಂದರೆ ನೋಡಲೂ ಚೆನ್ನಾಗಿರದು, ಮಲಗಿದವರ ಬೆನ್ನಿಗೂ ಒತ್ತುತ್ತದೆ. ಒಂದು ಉದ್ದವನ್ನು ಪೂರ್ತಿಯಾಗಿ ನಡುವೆ ಇಟ್ಟು, ಇನ್ನೊಂದನ್ನು ನೀಳಕ್ಕೆ ಎರಡಾಗಿ ಸೀಳಿ ಎರಡೂ ಪಕ್ಕಗಳಿಗೆ ಕೂಡಿಸಬೇಕು. ಆ ಎರಡು ಹೊಲಿಗೆಗಳ ಮೇಲೆ ಬೇರೆ ಬಣ್ಣದ ಎರಡಿಂಚಿನ ಪಟ್ಟಿಯನ್ನು ಹೊಲಿದರೆ ಜೋಡಣೆಯೇ ಅಂಚಿನ ವಿನ್ಯಾಸದಂತೆ ಕಾಣುತ್ತದೆ. ಕತ್ತರಿ ಹಾಕುವ ಮೊದಲು ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸುವುದನ್ನು ಯಾವ ಕಾರಣಕ್ಕೂ ಬಿಡಬಾರದು.

ಬಣ್ಣಗಳ ಹೊಂದಾಣಿಕೆ

ಈ ಸೀಮೆಯ ದೀವರ ಮನೆಗಳ ಹಸೆ ಚಿತ್ತಾರವನ್ನು ಗಮನಿಸಿದವರಿಗೆ ಬಣ್ಣ ಹೊಂದಿಸುವ ಪಾಠ ಬೇರೆ ಬೇಕಿಲ್ಲ. ಕೆಮ್ಮಣ್ಣಿನ ನೆಲೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರುಗೆ ಕಾಯಿಯ ಹಳದಿ ಇಷ್ಟೇ ಅಲ್ಲಿನ ವರ್ಣಗಳು. ಕೋಣೆಯಲ್ಲಿಯೂ ಇದೇ ಕ್ರಮ ಸಾಕು: ಮೇಲುಹಾಸು ಮತ್ತು ಪರದೆಗೆ ಚೊಗರಿನ ಕೆಂಗಂದು, ಒಳಹಾಸಿಗೆ ಬಿಳಿ, ಪಟ್ಟಿಗೆ ಕಪ್ಪುಗಂದು, ಒಂದೆರಡು ದಿಂಬುಗಳಿಗೆ ಮಾತ್ರ ಹಳದಿ. ಕೆಂಪು ಗಾರೆಯ ನೆಲವಿರುವ ಹಳೆಯ ಮನೆಗಳಲ್ಲಿ ಕಂದು ಮೇಲುಹಾಸು ನೆಲದೊಡನೆ ಬೆರೆತು ಮಂಕಾಗಿ ಕಾಣುವುದರಿಂದ ಅಲ್ಲಿ ಬಿಳಿ ಹಾಸಿಗೆ ಕಂದು ಅಂಚು ಸೂಕ್ತ. ಚಿತ್ತಾರವನ್ನೇ ಬಟ್ಟೆಯ ತುಂಬ ಬಿಡಿಸುವ ಉಮೇದು ಈಚೆಗೆ ಕಾಣುತ್ತಿದೆ. ಅದು ಮದುವೆಯ ಹಸೆಗೋಡೆಗೆ ಸೇರಿದ ಮಂಗಳಕರ ಬರಹವಾಗಿದ್ದು, ಕಾಲಡಿಯ ಹಾಸಿಗೆ ಒಪ್ಪುವುದಿಲ್ಲ; ಅದರ ಎಳೆಗಳ ಸರಳತೆಯನ್ನು ಅಂಚಿನ ಹೊಲಿಗೆಗೆ ಪಡೆದರೆ ಸಾಕು.

ಚೊಗರಿನಿಂದ ಬಣ್ಣ ಹಾಕುವ ವಿಧಾನ

ಸುಲಿದ ಹಸಿ ಅಡಿಕೆಯನ್ನು ಬೇಯಿಸಿದ ನೀರಿನಲ್ಲಿ ಟ್ಯಾನಿನ್ ಅಂಶವು ಹೇರಳವಾಗಿರುತ್ತದೆ. ಅಡಿಕೆಗೆ ಮೆರುಗು ಕೊಡುವ ಈ ಟ್ಯಾನಿನ್ ಹತ್ತಿಯ ನೂಲಿಗೂ ಕಚ್ಚಿಕೊಳ್ಳುತ್ತದೆ. ಸುಗ್ಗಿಯಲ್ಲಿ ಉಳಿದ ಚೊಗರನ್ನು ಚರಂಡಿಗೆ ಚೆಲ್ಲುವ ಬದಲು ಒಂದೆರಡು ಕೊಡ ತೆಗೆದಿಟ್ಟರೆ ಮನೆಯ ಬಟ್ಟೆಗೆ ಸಾಕಾಗುತ್ತದೆ. ಮೊದಲ ಪ್ರಯೋಗವನ್ನು ದಿಂಬಿನ ಚೀಲಗಳ ಮೇಲೆ ಮಾಡಿ, ಕೈ ಪಳಗಿದ ನಂತರ ಮೇಲುಹಾಸಿಗೆ ತೊಡಗುವುದು ಕ್ಷೇಮ.

ಒಂದು ಕಿ.ಗ್ರಾಂ. ಒಣ ಬಟ್ಟೆಯನ್ನು ಸಾಬೂನು ಮತ್ತು 50 ಗ್ರಾಂ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಒಂದು ಗಂಟೆ ಕುದಿಸಿ ಚೆನ್ನಾಗಿ ಜಾಲಿಸಬೇಕು. ಗಂಜಿ ಹೋಗದ ಬಟ್ಟೆಯಲ್ಲಿ ಬಣ್ಣ ತೇಪೆತೇಪೆಯಾಗಿ ನಿಲ್ಲುತ್ತದೆ. ಅನಂತರ ತೆಳು ಚೊಗರಿನಲ್ಲಿ ಒಮ್ಮೆ ಅದ್ದಿ ನೆರಳಿನಲ್ಲಿ ಒಣಗಿಸಬೇಕು. 150 ಗ್ರಾಂ ಪಟಿಕವನ್ನು ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆ ಮುಳುಗುವಷ್ಟು ನೀರು ಸೇರಿಸಿ ರಾತ್ರಿಯಿಡೀ ನೆನೆಸಬೇಕು. ಮರುದಿನ ಹಿಂಡಿ, ಸೋಸಿದ ಚೊಗರನ್ನು ಬೆರೆಸಿದ 25ರಿಂದ 30 ಲೀಟರ್ ನೀರಿನಲ್ಲಿ ಹಾಕಿ, ಕುದಿ ಬರುವ ಮುಂಚಿನ ಬಿಸಿಯಲ್ಲಿ ಒಂದು ಗಂಟೆ ಇಟ್ಟು ಆಗಾಗ ತಿರುಗಿಸುತ್ತಿರಬೇಕು. ಚೊಗರಿನ ಹದವು ಮನೆಯಿಂದ ಮನೆಗೆ ಭಿನ್ನವಾಗಿರುವುದರಿಂದ ನಿಶ್ಚಿತ ಅಳತೆಗಿಂತ ಗೇಣುದ್ದದ ತುಂಡುಬಟ್ಟೆಯ ಪರೀಕ್ಷೆಯೇ ನಂಬಿಕೆಗೆ ಅರ್ಹ. ಒದ್ದೆಯಲ್ಲಿ ಬಣ್ಣ ಗಾಢವಾಗಿ ಕಂಡು ಒಣಗಿದಾಗ ತಿಳಿಯಾಗುತ್ತದೆ. ಬಟ್ಟೆಯು ಅದೇ ನೀರಿನಲ್ಲಿ ತಣಿದ ಬಳಿಕ ತೆಗೆದು ನೆರಳಿನಲ್ಲಿ ಒಣಗಿಸಿ, ವಾರದ ನಂತರ ಮೊದಲ ಬಾರಿ ಒಗೆಯಬೇಕು.

ಪಟ್ಟಿಗೆ ಬೇಕಾದ ಕಪ್ಪುಗಂದು ಬಣ್ಣಕ್ಕೆ, ಬಣ್ಣ ಹಾಕಿದ ಬಟ್ಟೆಯನ್ನು ಫೆರಸ್ ಸಲ್ಫೇಟ್ ನೀರಿನಲ್ಲಿ ಹತ್ತು ನಿಮಿಷ ಅದ್ದಿ ಜಾಲಿಸಬೇಕು. ಒಂದು ಕಿ.ಗ್ರಾಂ. ಬಟ್ಟೆಗೆ 20 ಗ್ರಾಂ ಮೀರಬಾರದು; ಹೆಚ್ಚಾದರೆ ನೂಲು ಬಲ ಕಳೆದುಕೊಂಡು ಕೆಲವೇ ವರ್ಷಗಳಲ್ಲಿ ಪಿಸಿಯುತ್ತದೆ. ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತವು ಎಲ್ಲ ಬೆಳೆಗಾರರ ಮನೆಯಲ್ಲಿರುತ್ತದೆ, ಅದೂ ಬಣ್ಣ ಕಚ್ಚಿಸಬಲ್ಲದು. ಆದರೆ ರಾತ್ರಿಯಿಡೀ ಮೈಗೆ ತಾಗುವ ಬಟ್ಟೆಗೆ ತಾಮ್ರದ ಲವಣ ಬೇಡ. ಅದರ ನೀರು ಹಳ್ಳಕ್ಕೆ ಸೇರಿದರೆ ಮೀನಿಗೂ ಮಾರಕ. ಪಾತ್ರೆಯು ಸ್ಟೀಲ್ ಅಥವಾ ಅಲ್ಯೂಮಿನಿಯಂನದಾಗಿರಲಿ.

ಚೊಗರಿನ ಬಟ್ಟೆಗೆ ಕಬ್ಬಿಣ ಶತ್ರು. ತುಕ್ಕು ಹಿಡಿದ ಮಂಚದ ಮೊಳೆ ಅಥವಾ ಒಣಹಾಕುವ ತಂತಿ ಒದ್ದೆ ಬಟ್ಟೆಗೆ ತಾಗಿದರೆ ಮಾಸದ ಕಪ್ಪು ಕಲೆ ಬೀಳುತ್ತದೆ. ನೈಲಾನ್ ಹಗ್ಗ ಅಥವಾ ಬಿದಿರಿನ ಗಳವನ್ನೇ ಬಳಸಬೇಕು. ಖಾರವಾದ ಸೋಪಿನ ಪುಡಿಯಿಂದ ಬಣ್ಣವು ಬದಲಾಗುವುದರಿಂದ ಅಂಟುವಾಳ ಅಥವಾ ಸೌಮ್ಯ ಸಾಬೂನು ಲೇಸು.

ಹಳೆಯ ಸೀರೆ, ಕೌದಿ ಮತ್ತು ಕಂಬಳಿ

ಸುಮಾರು ಐದೂವರೆ ಮೀಟರ್ ಉದ್ದದ ಒಂದು ಹತ್ತಿ ಸೀರೆಯನ್ನು ಅಡ್ಡಕ್ಕೆ ಎರಡಾಗಿಸಿ ಪಕ್ಕಪಕ್ಕ ಕೂಡಿಸಿದರೆ ಮೇಲೆ ಹೇಳಿದ ಹಾಸಿಗೆಗೆ ಒಂದು ಪದರ ಸಿದ್ಧವಾಗುತ್ತದೆ. ಎರಡು ಸೀರೆಗಳಿದ್ದರೆ ಎರಡು ಪದರದ ಹೊದಿಕೆ. ಬಟ್ಟೆಯ ಖರ್ಚಿಲ್ಲದ ಈ ಹೊದಿಕೆಗಿಂತ ಅಗ್ಗದ್ದು ಇನ್ನೊಂದಿಲ್ಲ. ಉತ್ತರ ಕರ್ನಾಟಕದಲ್ಲಿ, ಹಾಗೆಯೇ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಮಹಿಳೆಯರಲ್ಲಿ ಹಳೆಯ ಬಟ್ಟೆಯ ಕೌದಿ ಹೊಲಿಯುವ ಕಲೆ ಜೀವಂತವಾಗಿದೆ. ಬಯಲುಸೀಮೆಯ ಬಿಸಿಲಿಗೆ ಹಲವು ಪದರಗಳ ಕೌದಿ ಒಪ್ಪುತ್ತದೆ. ಆಗುಂಬೆಯ ಮಳೆಗೆ ಎರಡು ಪದರವನ್ನು ಮೀರಬಾರದು. ಚಳಿಗೆ ಬೇಕೆನಿಸಿದರೆ ಅದರ ಮೇಲೆ ಕಂಬಳಿ ಹೊದೆಯಬಹುದು. ಕಂಬಳಿಯನ್ನು ಬೇಸಿಗೆಯಲ್ಲಿ ಕೊಡವಿ, ಎರಡು ದಿನ ಬಿಸಿಲಿಗೆ ಹಾಕಿ ಇಟ್ಟರೆ ನುಸಿ ಹತ್ತುವುದಿಲ್ಲ. ಲಕ್ಕಿ ಅಥವಾ ಬೇವಿನ ಒಣ ಎಲೆಗಳನ್ನು ಮಡಿಕೆಗಳ ನಡುವೆ ಇಡುವ ರೂಢಿ ಒಳ್ಳೆಯದೇ, ಆದರೆ ಸ್ವಚ್ಛಗೊಳಿಸದೆ ಮಡಚಿಟ್ಟ ಕಂಬಳಿಯನ್ನು ಯಾವ ಎಲೆಯೂ ಉಳಿಸದು.

ಮಳೆಗಾಲದ ಜೋಪಾನ

ಮಂಚವನ್ನು ಗೋಡೆಯಿಂದ ಕನಿಷ್ಠ ನಾಲ್ಕು ಇಂಚು ದೂರವಿಡಬೇಕು. ಜಂಬಿಟ್ಟಿಗೆಯ ಗೋಡೆಗಳು ಮಳೆಗಾಲದುದ್ದಕ್ಕೂ ತೇವವನ್ನು ಒಳಬಿಡುತ್ತವೆ. ತಾಗಿದ ಹಾಸಿಗೆಯ ಬದಿಯಲ್ಲಿಯೇ ಬೂಷ್ಟು ಮೊದಲು ಕಾಣುತ್ತದೆ. ಸಂದುಬಿಟ್ಟ ಪಟ್ಟಿಗಳ ಮಂಚವು ಪೂರ್ತಿ ಹಲಗೆಯ ಮಂಚಕ್ಕಿಂತ ಮೇಲು. ಬೆಳಿಗ್ಗೆ ಎದ್ದ ಕೂಡಲೇ ಮೇಲುಹಾಸನ್ನು ಎಳೆದು ಮುಚ್ಚುವ ಅಭ್ಯಾಸ ನೋಟಕ್ಕೆ ಚೆಂದ, ಆದರೆ ರಾತ್ರಿಯ ಬೆವರಿನ ತೇವ ಅಡಿಯಲ್ಲಿಯೇ ಉಳಿಯುತ್ತದೆ. ಒಂದು ಗಂಟೆ ತೆರೆದಿಟ್ಟು ಅನಂತರ ಹಾಸಬೇಕು.

ಒಣಗಿಸುವುದಕ್ಕೆ ಬಚ್ಚಲೊಲೆಯ ಮೇಲಿನ ಗಳು ಬಳಕೆಯಲ್ಲಿದ್ದರೂ ಹೊಗೆಯ ವಾಸನೆ ಮತ್ತು ಮಸಿಯಿಂದ ತಿಳಿಬಣ್ಣಗಳು ಕೆಡುತ್ತವೆ. ಅಡಿಕೆ ಒಣಗಿಸಲು ಪಾರದರ್ಶಕ ಹಾಳೆಯ ಸೌರ ಒಣಗುಮನೆ ಕಟ್ಟಿಸಿದವರಿಗೆ ಒಳ್ಳೆಯ ಅವಕಾಶವಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಅದು ಖಾಲಿಯಿರುತ್ತದೆ. ಒಳಗಿನ ಅಟ್ಟಣಿಗೆಗಳನ್ನು ಗುಡಿಸಿ ಒರೆಸಿ, ಗಾಳಿಕಂಡಿಗಳನ್ನು ತೆರೆದು ಹಗ್ಗ ಕಟ್ಟಿದರೆ, ಮೋಡದ ದಿನಗಳಲ್ಲಿಯೂ ಜಗಲಿಗಿಂತ ಬೇಗ ಬಟ್ಟೆ ಒಣಗುತ್ತದೆ. ಧೂಳುನುಸಿ ಸಾಯಲು 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಬೇಕು. ಬಿಳಿಯ ಒಳಹಾಸು ಮತ್ತು ದಿಂಬಿನ ಒಳಚೀಲಗಳನ್ನು ಹಂಡೆಯ ಬಿಸಿನೀರಿನಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ನೆನೆಸಬೇಕು. ಚೊಗರಿನ ಮೇಲುಹಾಸನ್ನು ಮಾತ್ರ ತಣ್ಣೀರಿನಲ್ಲಿಯೇ ಒಗೆಯಬೇಕು. ಒಳಪದರ ಬಿಳಿಯಾಗಿರಲೆಂದು ಹೇಳಿದ್ದರ ಇನ್ನೊಂದು ಕಾರಣ ಇದು.

ಮಳೆ ಹೋದ ಮೇಲೆ ಎಚ್ಚರ ವಹಿಸಬೇಕಾದ ವಿಷಯ ಬೇರೆ. ನವೆಂಬರ್‌ನಿಂದ ಮೇ ತಿಂಗಳವರೆಗೆ ಈ ಮೂರೂ ತಾಲ್ಲೂಕುಗಳಲ್ಲಿ ಮಂಗನ ಕಾಯಿಲೆಯ ಭಯವಿರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗವು 2018–19ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಭಾಗದಲ್ಲಿ ಜೀವಹಾನಿ ಉಂಟುಮಾಡಿತ್ತು. ಸೊಪ್ಪು, ದರಗು ತರಲು ಕಾಡಿಗೆ ಹೋಗಿಬಂದ ಬಟ್ಟೆಯಲ್ಲಿ ಉಣ್ಣೆಗಳು ಅಂಟಿಕೊಂಡಿರಬಹುದು. ಆ ಬಟ್ಟೆಯಲ್ಲಿ ಹಾಸಿಗೆಯ ಮೇಲೆ ಕೂರುವುದಾಗಲಿ, ಅದನ್ನು ಮಂಚದ ಕಾಲಿಗೆ ನೇತುಹಾಕುವುದಾಗಲಿ ಸಲ್ಲದು. ಹೊರಬಚ್ಚಲಿನಲ್ಲಿಯೇ ಕಳಚಿ ಬಿಸಿನೀರಿಗೆ ಹಾಕಿ, ಸ್ನಾನ ಮುಗಿಸಿ ಒಳಬರಬೇಕು. ನೆಲಕ್ಕೆ ತಾಗುವಂತೆ ಇಳಿಬಿಟ್ಟ ಮೇಲುಹಾಸು ಉಣ್ಣೆ, ಇರುವೆಗಳಿಗೆ ಏಣಿಯಾಗುತ್ತದೆ. ಮೇಲಿನ ಲೆಕ್ಕದಲ್ಲಿ ಇಳಿತವನ್ನು 8 ಇಂಚಿಗೆ ಮಿತಿಗೊಳಿಸಿರುವುದು ಬಟ್ಟೆಯ ಉಳಿತಾಯಕ್ಕಾಗಿ ಮಾತ್ರವಲ್ಲ.