ಸ್ನಿಗ್ಧ-ರೂಕ್ಷ ಬಂಧವೂ ವಿದ್ಯುದಾವೇಶವೂ: ಸರ್ವಾರ್ಥಸಿದ್ಧಿಯ ಸಾಕ್ಷ್ಯ

ಜೈನ ದರ್ಶನದ ಸೂತ್ರಗ್ರಂಥವಾದ ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯ ಪರಮಾಣುಗಳ ಬಂಧಕ್ಕೆ ಕಾರಣವೆಂದು ಹೇಳುವ ಸ್ನಿಗ್ಧ (ಜಿಡ್ಡು), ರೂಕ್ಷ (ಒರಟು) ಗುಣಗಳು ಧನ ಮತ್ತು ಋಣ ವಿದ್ಯುದಾವೇಶಗಳೇ ಎಂಬ ಮಾತು ಬರಹದಿಂದ ಬರಹಕ್ಕೆ ದಾಟಿ ಬರುತ್ತಿದೆ. ಇದಕ್ಕೆ ಎಡೆಮಾಡಿದ್ದು ಪ್ರಾಚೀನ ಹಿಂದೂಗಳ ವಿಜ್ಞಾನವನ್ನು ಕುರಿತು ಬ್ರಜೇಂದ್ರನಾಥ ಸೀಲರು 1915ರಲ್ಲಿ ಪ್ರಕಟಿಸಿದ ಗ್ರಂಥ. 1921ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಸೀಲರ ವಿದ್ವತ್ತಿನ ಬಗ್ಗೆ ನನಗೆ ಅಪಾರ ಗೌರವವಿದೆ. ಉಜ್ಜಿದ ಮೇಲ್ಮೈಗಳಲ್ಲಿ ಕಂಡ ವಿದ್ಯುತ್ತು ಈ ಕಲ್ಪನೆಗೆ ಆಧಾರವಾಗಿದ್ದಿರಬಹುದು ಎಂದು ಅವರು ಊಹಿಸಿದ್ದರು, ಅಷ್ಟೆ. ಅದನ್ನು ಸಿದ್ಧಾಂತದ ಪಟ್ಟಕ್ಕೇರಿಸಿದವರು ನಂತರದವರು.

ಇವರ ಪಕ್ಷಕ್ಕೆ ಬಲ ಕೊಡಬಲ್ಲ ವಾಕ್ಯವೊಂದು ಕನ್ನಡ ನಾಡಿನ ದಿಗಂಬರ ಆಚಾರ್ಯ ಪೂಜ್ಯಪಾದರು ಈ ಸೂತ್ರಗ್ರಂಥಕ್ಕೆ ಬರೆದ ವ್ಯಾಖ್ಯಾನವಾದ ಸರ್ವಾರ್ಥಸಿದ್ಧಿಯಲ್ಲಿದೆ. 24ನೆಯ ಸೂತ್ರದ ವ್ಯಾಖ್ಯಾನದಲ್ಲಿ, ಸ್ನಿಗ್ಧ-ರೂಕ್ಷ ಗುಣಗಳಿಂದಾಗುವ ಬಂಧಕ್ಕೆ ಅವರು ಕೊಡುವ ಮೊದಲ ಉದಾಹರಣೆಯೇ ಮಿಂಚು. ಆದರೆ ಅದೇ ಸಮಾಸದಲ್ಲಿ ಉಲ್ಕೆ, ಬೆಂಕಿ, ಕಾಮನಬಿಲ್ಲುಗಳೂ ಇವೆ. ಕಾಮನಬಿಲ್ಲಿನಲ್ಲಿ ಯಾವ ಆವೇಶವನ್ನು ಹುಡುಕೋಣ? ಅಲ್ಲಿ ಆಚಾರ್ಯರು ಎಣಿಸುತ್ತಿರುವುದು ಮನುಷ್ಯಪ್ರಯತ್ನವಿಲ್ಲದೆ ಆಗುವ ವೈಸ್ರಸಿಕ ಬಂಧಗಳನ್ನು. ಅರಗನ್ನು ಮರಕ್ಕೆ ಅಂಟಿಸುವಂಥ ಪ್ರಾಯೋಗಿಕ ಬಂಧ ಅದರ ಎದುರು ನಿಲ್ಲುತ್ತದೆ. ವಾಕ್ಯದ ಸಂದರ್ಭವನ್ನು ಬಿಟ್ಟು ಒಂದು ಪದವನ್ನು ಮಾತ್ರ ಕಿತ್ತುಕೊಳ್ಳುವುದು ಸಂಶೋಧನೆಯಲ್ಲ.

33ನೆಯ ಸೂತ್ರಕ್ಕೆ ಬಂದರೆ ಅವರ ಮನಸ್ಸು ಇನ್ನೂ ಸ್ಪಷ್ಟವಾಗುತ್ತದೆ. ಸ್ನಿಗ್ಧತೆಯ ಏರಿಳಿತಕ್ಕೆ ಅಲ್ಲಿ ನಿದರ್ಶನ ನೀರು, ಆಮೇಲೆ ಆಡು, ಹಸು, ಎಮ್ಮೆ, ಒಂಟೆಗಳ ಹಾಲು-ತುಪ್ಪ. ರೂಕ್ಷತೆಗೆ ಧೂಳು, ನುಚ್ಚು, ಹರಳು. ಎರಡೂ ಪುದ್ಗಲದ, ಅಂದರೆ ಜಡದ್ರವ್ಯದ, ಎಂಟು ಸ್ಪರ್ಶಗಳಲ್ಲಿ ಸೇರಿದವು. ಕೈಬೆರಳಿಗೆ ಹತ್ತುವ ಜಿಡ್ಡು, ಹತ್ತದ ಒರಟುತನ: ಕಲ್ಪನೆ ಹೊರಟಿರುವುದು ಈ ಅನುಭವದಿಂದ.

ನಿರ್ಣಾಯಕವಾದದ್ದು 34ರಿಂದ 36ರವರೆಗಿನ ಸೂತ್ರಗಳು. ಅತ್ಯಂತ ಕನಿಷ್ಠ ಅಂಶದ ಗುಣವಿರುವ ಪರಮಾಣುವಿಗೆ ಬಂಧವೇ ಇಲ್ಲ. ಪೂಜ್ಯಪಾದರ ಪ್ರಕಾರ ಎರಡಂಶ ಸ್ನಿಗ್ಧವಾದದ್ದು ಎರಡಂಶ ರೂಕ್ಷವಾದದ್ದರೊಡನೆ ಕೂಡುವುದಿಲ್ಲ. ಎರಡಂಶ ಸ್ನಿಗ್ಧವಾದದ್ದು ನಾಲ್ಕಂಶ ಸ್ನಿಗ್ಧವಾದದ್ದರೊಡನೆ ಕೂಡುತ್ತದೆ. ಬಂಧಕ್ಕೆ ಎರಡಂಶದ ಅಂತರ ಬೇಕು, ಜಾತಿ ಒಂದೇ ಆಗಿರಲಿ, ಬೇರೆಯಾಗಿರಲಿ. ವಿದ್ಯುದಾವೇಶಗಳ ನಡತೆ ಇದಕ್ಕೆ ತದ್ವಿರುದ್ಧ: ಸಮಪ್ರಮಾಣದ ಧನ-ಋಣಗಳು ಸೆಳೆಯುತ್ತವೆ, ಧನ-ಧನಗಳು ದೂಡುತ್ತವೆ. (ಇದೇ ಸೂತ್ರಗಳಿಗೆ ಶ್ವೇತಾಂಬರ ಪರಂಪರೆಯ ಭಾಷ್ಯದ ಓದು ಬೇರೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅಲ್ಲಿ ಸಮಾಂಶದ ನಿಷೇಧ ಸಜಾತೀಯಗಳಿಗೆ ಮಾತ್ರ. ಸಮಾಂಶದ ಸ್ನಿಗ್ಧ-ರೂಕ್ಷಗಳು ಕೂಡಬಲ್ಲವು. ಆದರೆ ಎರಡಂಶ ಹೆಚ್ಚಿರುವ ಸಜಾತೀಯಗಳ ಬಂಧವನ್ನು ಆ ಭಾಷ್ಯವೂ ಒಪ್ಪುತ್ತದೆ. ಆವೇಶವಾದಕ್ಕೆ ಅಲ್ಲಿಯೂ ನೆಲೆಯಿಲ್ಲ.)

ಆಧುನಿಕ ಭೌತವಿಜ್ಞಾನದ ಮುದ್ರೆ ಒತ್ತಿಸಿಕೊಂಡರೆ ಮಾತ್ರ ಜೈನ ಪರಮಾಣುವಾದಕ್ಕೆ ಬೆಲೆ ಎಂದುಕೊಂಡವರು ಅದರ ಅಸಲು ಸ್ವಂತಿಕೆಯನ್ನು ಮರೆಮಾಡಿದ್ದಾರೆ. ಗುಣಕ್ಕೆ ಅಂಶಗಳ ಲೆಕ್ಕ ಕಟ್ಟಿ, ಆ ಲೆಕ್ಕದಿಂದಲೇ ಯಾವುದು ಯಾವುದರೊಡನೆ ಕೂಡುತ್ತದೆಂದು ನಿರ್ಣಯಿಸಿದ್ದು ಸಣ್ಣ ಸಾಹಸವಲ್ಲ. ಈ ಅಂತರ ಎರಡೇ ಏಕೆ, ಒಂದೇಕಲ್ಲ? ಕೇಳಬೇಕಾದ ಪ್ರಶ್ನೆ ಇದು. ಉತ್ತರ ಹುಡುಕುವವರು ಸರ್ವಾರ್ಥಸಿದ್ಧಿಯನ್ನೂ ಅದೇ ಸೂತ್ರಗ್ರಂಥದ ಮೇಲಿನ ಅಕಲಂಕರ ರಾಜವಾರ್ತಿಕವನ್ನೂ ಅಕ್ಕಪಕ್ಕದಲ್ಲಿಟ್ಟು, ಈ ಮೂರು ಸೂತ್ರಗಳಿಂದಲೇ ಓದು ಆರಂಭಿಸಲಿ.